ದೊರೆಯ ಹೂಂ, ಊರಿನ ಹೂಂ

ಹೂಂ ಅಂತಿರ್ಬೇಕು ಮಗ, ತಿಳೀತಾ? ನಿನ್ನ ಹೂಂ ನಿಂತ್ರೆ ನನ್ನ ಕತೇನೂ ನಿಂತ್ಹೋಗುತ್ತೆ.

ಒಂದಾನೊಂದು ಕಾಲದಲ್ಲಿ, ಕೋಳಿ ಕೂಗೋದಕ್ಕೂ ಅಪ್ಪಣೆ ಬೇಕಾಗಿದ್ದ ಕಾಲದಲ್ಲಿ, ಸಿಂಗಾರಪಟ್ಣ ಅಂತ ಒಂದು ರಾಜಧಾನಿ ಇತ್ತಂತೆ. ಅಲ್ಲಿ ಗಜಪ್ಪರಾಯ ಅಂತ ದೊರೆ. ಕೆಟ್ಟೋನಲ್ಲಪ್ಪ, ಆದ್ರೆ ಎಲ್ಲಾ ತಾನೇ ಮಾಡ್ಬೇಕು ಅನ್ನೋ ಹುಚ್ಚು. ಅವನ ನಾಡಲ್ಲಿ ಹಳ್ಳಿಹಳ್ಳಿಗೂ ಒಂದೊಂದು ಅರಳಿಕಟ್ಟೆ ಇತ್ತಂತೆ, ಊರೋರು ಅಲ್ಲಿ ಕೂತು ಮಾತಾಡಿ, ಎಲ್ಲಾರೂ ಹೂಂ ಅಂದ್ರೆ ಕೆಲ್ಸ ಆಯ್ತು ಅಂತ. ಕೆರೆ ಹೂಳು ತೆಗೀಬೇಕಾ, ಹೂಂ. ಸಂತೆ ಜಾಗ ಬದಲಾಯಿಸ್ಬೇಕಾ, ಹೂಂ. ಸಿಂಗಾರಪಟ್ಣಕ್ಕೆ ಮಾತ್ರ ಕಟ್ಟೇನೇ ಇಲ್ಲ! ಯಾಕಂತ ಕೇಳಿದ್ರೆ ದೊರೆ ಹೇಳ್ತಿದ್ನಂತೆ, ಇದು ರಾಜಧಾನಿ ಕಣ್ರಯ್ಯಾ, ನಿಮ್ಮೊಂದೂರಿನ ಸೊತ್ತಲ್ಲ, ಇಡೀ ನಾಡಿಂದು, ನಾಡಿಗೆ ದೊರೆ ನಾನು, ಇಲ್ಲಿ ಹೂಂ ಅನ್ನೋ ಬಾಯಿ ಒಂದೇ. ಮೋರಿ ಬಳಿಯೋದಕ್ಕೂ ದೊರೆ ಹೂಂ ಅನ್ಬೇಕು. ಆ ಹೂಂನ ಹೊತ್ಕೊಂಡು ಬಂದು ತಮಟೆ ಬಡಿದು ಸಾರೋಕೆ ಒಬ್ಬ ಇದ್ದ, ಅಮಲ್ದಾರ ಜಮಾದಾರ ಇದ್ದಂಗೆ ಅವನು ಹೂಂದಾರ! ನಗಬೇಡ, ಕೇಳು. ಹೂಂ ಇಲ್ದೆ ಯಾವುದಕ್ಕಾದ್ರೂ ಕೈ ಹಾಕಿದೋರನ್ನ ಊರು ಬಿಟ್ಟೇ ಓಡಿಸ್ತಿದ್ರಂತೆ.

ಆ ಊರ ಕೆರೆ ಏರಿ ಕೆಳಗೆ ಕುಂಬಾರಗೇರಿ, ಅಲ್ಲಿ ದ್ಯಾವಕ್ಕ ಅಂತ ಒಬ್ಬಳಿದ್ಲಂತೆ. ಬಾಯಿ ಜೋರು, ಮನಸ್ಸು ಬೆಣ್ಣೆ. ಮಗಳು ಆಗತಾನೆ ಹೆತ್ತು ಬಾಣಂತಿ. ಆ ವರ್ಷ ಮಳೆಯೋ ಮಳೆ. ಒಂದು ಬೆಳಿಗ್ಗೆ ದ್ಯಾವಕ್ಕ ಮಣ್ಣು ತರೋಕೆ ಅಂತ ಹೋಗಿ ನೋಡ್ತಾಳೆ, ಏರಿ ಬುಡದಲ್ಲಿ ನೀರು ಬುಳಬುಳ ಬುಳಬುಳ ಅಂತ ಉಕ್ತಾ ಇದೆ! ತೂಬು ಎತ್ತಿ ನೀರು ಕಾಲುವೆಗೆ ಬಿಡದಿದ್ರೆ ಸಂಜೆಯೊಳಗೆ ಏರಿ ಒಡೆಯುತ್ತೆ, ಗೇರಿಗೆ ಗೇರಿನೇ ಕೊಚ್ಕೊಂಡು ಹೋಗುತ್ತೆ. ಹಸಿ ಬಾಣಂತಿ, ಕೂಸು, ಗೇರಿಯ ಮುದುಕರು, ಎಲ್ಲರನ್ನೂ ಎತ್ಕೊಂಡು ಎಲ್ಲಿಗಂತ ಓಡೋದು? ತೂಬಿನ ಹತ್ರ ಹೋದ್ರೆ ಕಾವಲಿನೋರು ಈಟಿ ಅಡ್ಡ ಹಿಡಿದ್ರಂತೆ, ಹೂಂ ಎಲ್ಲಮ್ಮಾ?

ಆಮೇಲೆ ದ್ಯಾವಕ್ಕ ಸೆರಗು ಸಿಕ್ಕಿಸ್ಕೊಂಡು ಅರಮನೆಗೆ ಓಡಿದ್ಲಂತೆ. ಹೂಂದಾರ ಬಾಗಿಲಲ್ಲೇ ತಡೆದು, ದೊರೆ ಊಟಕ್ಕೆ ಕೂತವ್ರೆ, ಆಮೇಲೆ ಬಾ ಅಂದ. ಓಡಿ ಬಂದು ನೋಡ್ತಾಳೆ, ಬೆರಳು ಗಾತ್ರ ಇದ್ದ ತೂತು ತೋಳು ಗಾತ್ರ ಆಗಿದೆ! ಮತ್ತೆ ಓಡಿದ್ಲು. ದೊರೆ ಪರದೇಶದ ರಾಯಭಾರಿ ಜೊತೆ ನಾಡಿನ ಗಡಿ ಮಾತಾಡ್ತವ್ರೆ, ನಿನ್ನ ಕೆರೆ ಯಾವ ಲೆಕ್ಕ ಅಂದ. ಓಡಿ ಬಂದು ನೋಡ್ತಾಳೆ, ತೂತು ತಲೆ ಗಾತ್ರ! ಅಯ್ಯೋ ಶಿವನೇ ಅಂತ ಮೂರನೇ ಸಲ ಓಡಿದ್ರೆ, ಹೂಂದಾರನೇ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ನಂತೆ. ದೊರೆ ಮಧ್ಯಾಹ್ನದ ನಿದ್ದೆಗೆ ಮಲಗವ್ರೆ ಕಣಕ್ಕಾ, ಕತೆ ಹೇಳೋ ತಾತನಿಗೆ ಜ್ವರ, ಕತೆ ಇಲ್ದೆ ದೊರೆಗೆ ನಿದ್ದೆ ಬರಲ್ಲ ಅಂದ. ಥೇಟ್ ನಿನ್ನ ಹಾಗೇ ನೋಡು ಮಗ!

ಹೇಳೋಳು ನಾನಿದೀನಿ ಬಿಡೋ ಅಂತ ದ್ಯಾವಕ್ಕ ಸೀದಾ ಒಳಗೇ ನುಗ್ಗಿದ್ಲಂತೆ, ಹಿಂದೆಯೇ ಹೂಂದಾರ. ಮಂಚದ ಪಕ್ಕ ಕೂತು ಶುರು ಮಾಡಿದ್ಲು. ಒಂದೂರಲ್ಲಿ ಒಂದು ಕೆರೆ ಇತ್ತಂತೆ ಬುದ್ಧಿ. ಹೂಂ ಅಂದ ದೊರೆ. ಮಳೆಗೆ ಅದು ತುಂಬಿ ತುಳುಕ್ತಂತೆ. ಹೂಂ. ಏರಿಗೆ ತೂತು ಬಿತ್ತಂತೆ. ಹೂಂ. ದೊರೆ ರೆಪ್ಪೆ ಮೆಲ್ಲಗೆ ಇಳೀತು. ಹಂಗಾದ್ರೆ ತೂಬು ಎತ್ತಲಾ ಬುದ್ಧಿ? ಹೂಂ! ಊರಿನ ಕೆರೆಗೆ ಊರೇ ಹೂಂ ಅನ್ಬಹುದಾ? ಹೂಂ! ಇನ್ನು ಮುಂದಕ್ಕೂ ಹಂಗೇನಾ? ಹೂಂ... ಗೊರ್ರ್!

ಕೇಳಿಸ್ತೇನಪ್ಪಾ ಹೂಂದಾರ ಅಂತ ತಿರುಗಿದ್ಲು ದ್ಯಾವಕ್ಕ. ಅವನು ತಡವರಿಸ್ತಾ, ಅದು ಕತೆಗೆ ಅಂದ ಹೂಂ ಅಲ್ವೇನಕ್ಕಾ ಅಂದ. ದೊರೆ ಬಾಯಲ್ಲಿ ಎರಡು ಥರ ಹೂಂ ಐತಾ? ಹಂಗಂತಲೂ ಸಾರು ಹೋಗು ಮತ್ತೆ ಅಂದ್ಲು ದ್ಯಾವಕ್ಕ! ಪಾಪ, ಅವನ ಅತ್ತೆ ಮನೇನೂ ಏರಿ ಕೆಳಗೇ. ತಮಟೆ ಎತ್ಕೊಂಡು ಬಿದ್ದಂಬೀಳ ಓಡಿದ. ದೊರೆ ಹೂಂ ಅಂದ್ರು, ದೊರೆ ಹೂಂ ಅಂದ್ರು!

ಅಬ್ಬಬ್ಬಾ, ಆಮೇಲೆ ನೋಡ್ಬೇಕಿತ್ತು ಮಗ! ಊರಿಗೆ ಊರೇ ಎದ್ದು ಬಂತಂತೆ. ಕಾವಲಿನೋರು ಈಟಿ ಬಿಸಾಕಿ ತೂಬಿಗೆ ಹೆಗಲು ಕೊಟ್ರು, ಐಸಾ ಅಂತ ಎತ್ತಿದ್ರೆ ನೀರು ಭೋರ್ ಅಂತ ಕಾಲುವೆಗೆ ಹಾರ್ತಂತೆ. ಕುಂಬಾರರು ಮಡಕೆಗೆ ಅಂತ ತುಳಿದಿಟ್ಟಿದ್ದ ಜೇಡಿಮಣ್ಣನ್ನೆಲ್ಲ ಹೊತ್ತು ತಂದ್ರು, ಬಳೆಗಾರ, ಅಗಸರು, ಪೂಜಾರಪ್ಪ, ಎಲ್ಲಾರೂ ಮಂಕರಿ ಕೈ ಬದಲಾಯಿಸ್ತಾ ತೂತಿಗೆ ತುಂಬಿದ್ರು, ತುಂಬಿದ್ರು, ನೀರು ನಿಂತೇಬಿಡ್ತು!

ಗದ್ದಲಕ್ಕೆ ಎದ್ದ ದೊರೆ ಪೇಟ ಇಲ್ದೆ ಓಡಿ ಬಂದ್ನಂತೆ. ಯಾರು ಹೂಂ ಅಂದೋರು ಅಂತ ಗುಡುಗಿದ. ನೀವೇ ಬುದ್ಧಿ ಅಂದ ಹೂಂದಾರ. ದ್ಯಾವಕ್ಕ ಮುಂದೆ ಬಂದು ಕೈ ಮುಗಿದು ಹೇಳೇಬಿಟ್ಲಂತೆ. ನನ್ನ ಊರು ಬಿಡಿಸಿದ್ರೆ ಬಿಡಿಸಿ ಬುದ್ಧಿ, ಒಂದು ಮಾತು ಕೇಳಿ. ನಾಡಿನ ಗಡಿ ಕಾಯೋ ತಲೆಗೆ ನಮ್ಮ ಏರಿ ತೂತು ಎಲ್ಲಿಂದ ಕಾಣ್ಬೇಕು? ಎಲ್ಲಾ ಹಳ್ಳಿಗೂ ಹೂಂ ಕೊಟ್ರಿ, ನಿಮ್ಮ ಕಾಲಬುಡದ ಊರಿಗೇ ಕೊಡ್ಲಿಲ್ಲ. ದೀಪದ ಬುಡದಲ್ಲೇ ಕತ್ತಲು ಅಂದ್ರೆ ಇದೇ ಅಲ್ವಾ?

ಅಷ್ಟರಲ್ಲಿ ಏರಿ ಕೆಳಗಿನ ದ್ಯಾವಕ್ಕನ ಮನೆ ಒಳಗೆ ಕೂಸು ಕುಂಯ್ ಅಂತ ಅಳ್ತಂತೆ. ದೊರೆ ಬಗ್ಗಿ ನೋಡಿದ್ರೆ ಹೊಸಿಲು ತನಕ ನೀರಿನ ಕಲೆ. ಆ ಕಲೆ ಮೇಲೆ ಕೈ ಸವರಿ ನೋಡಿದ. ಆಯ್ತು ಕಣವ್ವಾ ಅಂದ್ನಂತೆ, ಕೋಟೆ, ದಂಡು, ರಾಜಬೀದಿ ನನಗಿರ್ಲಿ, ಅವು ನಾಡಿಗೆ ಸೇರಿದ್ದು. ಕೆರೆ, ಮೋರಿ, ಸಂತೆ ನಿಮ್ಮವು.

ಆಮೇಲೆ ಸಿಂಗಾರಪಟ್ಣದಲ್ಲೂ ಅರಳಿ ನೆಟ್ಟು ಕಟ್ಟೆ ಕಟ್ಟಿದ್ರಂತೆ. ದೊರೆನೂ ಬಂದು ಕೂರ್ತಿದ್ನಂತೆ, ಅಲ್ಲಿ ದೊರೆಗೂ ಒಂದೇ ಹೂಂ, ದ್ಯಾವಕ್ಕನಿಗೂ ಒಂದೇ ಹೂಂ. ಊರು ತಣ್ಣಗಿತ್ತು, ಕೂಸು ಗುಂಡುಗುಂಡಗೆ ಬೆಳೀತು. ಆದ್ರೆ ಮಧ್ಯಾಹ್ನ ಕತೆ ಕೇಳೋವಾಗ ಮಾತ್ರ ದೊರೆ ಹೂಂ ಅನ್ನೋದೇ ಬಿಟ್ಟ, ಬರೀ ತಲೆ ಆಡಿಸ್ತಿದ್ನಂತೆ!

ಏನೋ ಮಗ, ನಿದ್ದೆ ಬಂತಾ? ಹೂಂ. ನಾಳೆ ಅಳದೆ ಎಣ್ಣೆ ನೀರು ಹಾಕಿಸ್ಕೊಳ್ತೀಯಾ? ಹೂಂ...

ಕೇಳಿಸ್ತೇನ್ರೇ ಎಲ್ಲಾರಿಗೂ? ದೊರೆ ಹೂಂ ಅಂದ್ರು, ಕತೆ ಮುಗೀತು!