ಸೊಪ್ಪಿನ ಮಂಕರಿಯಲ್ಲಿ ಬಂದ ಮೂರು ರಾಯರು

ದೀಪದ ಸುತ್ತ ಕೂತ ತಾಯಂದಿರೇ, ಅಣ್ಣತಮ್ಮಂದಿರೇ, ಮೊದಲು ಒಂದು ಊಹೆ ಮಾಡಿ ನೋಡೋಣ. ನಕ್ಷತ್ರ ನೋಡಿಕೊಂಡು ಬಾಲಯೇಸುವಿನ ಬಳಿಗೆ ಹೊರಟ ಮೂರು ರಾಯರು ಹಿಪ್ಪುನೇರಳೆ ಸೊಪ್ಪಿನ ಮಂಕರಿಯಲ್ಲಿ ಯಾಕೆ ಮಲಗಿದ್ದರು? ಒಂಟೆ ಕೈಕೊಟ್ಟಿತೆ? ಊಹೂಂ. ದಾರಿ ತಪ್ಪಿತೆ? ಅದೂ ಅಲ್ಲ. ಕೇಳಿ, ಹೇಳಲು ನನಗೇ ಅವಸರ.

ರೇಷ್ಮೆ ಸಾಕುವ ಒಂದು ಊರಿನಲ್ಲಿ ಇನ್ನಾಸಪ್ಪ, ಸವರಿಯಪ್ಪ ಎಂಬ ಅಣ್ಣತಮ್ಮಂದಿರು ಒಂದೇ ಒಲೆಯಲ್ಲಿ ಉಂಡು, ಕ್ರಿಸ್ಮಸ್ಸಿಗೆ ಬಾಲಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳನ್ನಿಟ್ಟು ಒಂದೇ ಗೋದಲಿ ಕಟ್ಟಿ, ಮೂರು ರಾಯರ ಹಬ್ಬದಂದು ಮಣ್ಣಿನ ರಾಯರನ್ನು ಕೂಸಿನ ಮುಂದಿಟ್ಟು, ಹಾಡಿ, ಪಾಯಸ ಹಂಚಿ ಸುಖವಾಗಿರಲು, ಅಣ್ಣನ ಹೆಂಡತಿ ಲೂರ್ದಮ್ಮನಿಗೆ ಹಿರಿತನದ ಗರ್ವ ಹತ್ತಿ, ಮನೆ ಪಾಲಾಗಿ, ಅಂಗಳಕ್ಕೆ ಅಡ್ಡಗೋಡೆ ಎದ್ದು, ಕೊನೆಗೆ ಗೋದಲಿಯೂ ಪಾಲಾಯಿತು. “ಕೂಸು, ತಾಯಿ, ತಂದೆ ದೊಡ್ಡವರ ಮನೇಲಿರಲಿ. ಊರೂರು ಅಲೆಯೋ ರಾಯರು ನಿಮಗೆ ಸಾಕು” ಎಂದು ಓರಗಿತ್ತಿ ಜ್ಞಾನಮ್ಮನ ಮಡಿಲಿಗೆ ಮೂರು ಬೊಂಬೆ ಹಾಕಿದಳು.

ಅಂದಿನಿಂದ ಅಣ್ಣನ ಮನೆಯ ಕೂಸನ್ನು ನೋಡಬರುವವರಿಲ್ಲ, ತಮ್ಮನ ಮನೆಯ ರಾಯರಿಗೆ ಹೋಗಲು ಜಾಗವಿಲ್ಲ. ಹಬ್ಬ ಬಂತು, ಹೋಯಿತು, ಯಾರೂ ಆಚರಿಸಲಿಲ್ಲ.

ಹೀಗಿರಲು ಒಂದು ವರ್ಷ ಲೂರ್ದಮ್ಮನ ತೋಟಕ್ಕೆ ಬೂದಿರೋಗ ತಗುಲಿ, ಸೊಪ್ಪೆಲ್ಲ ಕೆಟ್ಟು, ಅದೇ ಹೊತ್ತಿಗೆ ರೇಷ್ಮೆಹುಳುಗಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ಕೊನೆಯ ನಿದ್ದೆ, ಮುಗಿಸಿ ಎದ್ದು, ಕೊನೆಯ ಹಸಿವಿನಲ್ಲಿ ತಲೆಯೆತ್ತಿ ತಡಕಾಡತೊಡಗಿದವು. ಆ ಹಸಿವಿಗೆ ಸೊಪ್ಪು ಸಿಗದ ಹುಳು ಗೂಡು ಕಟ್ಟದೆ ಸಾಯುತ್ತದೆ. ಆ ಮನೆಯ ಅನ್ನವೆಲ್ಲ ಆ ಹುಳುವಿನ ತಟ್ಟೆಗಳಲ್ಲೇ ಇತ್ತು. ತಮ್ಮನ ತೋಟವೋ ಹಸಿರಾಗಿ ನಿಂತಿತ್ತು.

“ಹೋಗಿ ಕೇಳೋಣ ಕಣೆ” ಎಂದ ಇನ್ನಾಸಪ್ಪ.

“ಹುಳ ಸತ್ರೂ ಆ ಬಾಗಿಲು ತುಳಿಯಲ್ಲ” ಎಂದಳು ಲೂರ್ದಮ್ಮ.

ಗೋಡೆಯಾಚೆ ಜ್ಞಾನಮ್ಮನಿಗೆ ಇದು ಕೇಳಿಸಿತು. ಬೇರೆ ಬೇರೆ ದೇಶದ ಮೂವರು ಒಂದೇ ನಕ್ಷತ್ರದ ಬೆಳಕಲ್ಲಿ ಕೂಡಿ ನಡೆದು, ತಮ್ಮದಲ್ಲದ ಮನೆಗೆ ಹೊನ್ನು ಧೂಪದ ಕಾಣಿಕೆ ಹೊತ್ತರಲ್ಲ, ಒಂದೇ ಮನೆಯವರಾದ ನಾವು ಅವರನ್ನು ಗೋಡೆಯ ಗೂಡಿನಲ್ಲಿ ಕೂರಿಸಿಬಿಟ್ಟೆವಲ್ಲ ಎಂದು ನೊಂದು, ಹಬ್ಬದ ಬೆಳಗ್ಗೆ ಮಂಕರಿ ತುಂಬ ಸೊಪ್ಪು ಕೊಯ್ದು, ನಡುವೆ ರಾಯರನ್ನು ಮಲಗಿಸಿ, ಬೀದಿ ಸುತ್ತಿಕೊಂಡು ಅಕ್ಕನ ಬಾಗಿಲಲ್ಲಿ ನಿಂತಳು.

“ನೀನ್ಯಾಕೆ ಬಂದೆ?”

“ನಾನೆಲ್ಲಿ ಬಂದೆ ಅಕ್ಕ, ರಾಯರು ಬಂದವ್ರೆ. ಕೂಸನ್ನ ನೀನಿಟ್ಕೊಂಡಿದ್ದೀಯ, ಅವರು ಇನ್ನೆಲ್ಲಿಗೆ ಹೋಗ್ಬೇಕು?”

“ಈ ಸೊಪ್ಪು?”

“ಬರಿಗೈಲಿ ಬರೋಕೆ ನಾಚಿಕೆಯಂತೆ. ಹೊನ್ನು ಈ ಸಲ ಸಿಗಲಿಲ್ವಂತೆ.”

ಲೂರ್ದಮ್ಮನಿಗೆ ತಡೆಯಲಾರದೆ ನಗು ಬಂದು, ನಗುವಿನ ಬೆನ್ನಿಗೇ ಅಳು ಬಂದು, ರಾಯರನ್ನು ಕೂಸಿನ ಮುಂದಿಟ್ಟು ಮೊಣಕಾಲೂರಿದಳು. ಓರಗಿತ್ತಿಯರು ಕೂಡಿ ತಟ್ಟೆ ತಟ್ಟೆಗೂ ಸೊಪ್ಪು ಹಾಸಿದರು. ಹುಳು ಮೇಯುವ ಸದ್ದು ಮನೆಯೆಲ್ಲ ತುಂಬಿತು.

ಜ್ಞಾನಮ್ಮ ಬೀದಿಬಾಗಿಲಿಗೆ ತಿರುಗಲು ಲೂರ್ದಮ್ಮ ಸೆರಗು ಹಿಡಿದಳು. “ಆ ರಾಯರೇ ಕೂಸನ್ನ ನೋಡಿದ್ಮೇಲೆ ಬಂದ ದಾರೀಲಿ ಹಿಂದಕ್ಕೆ ಹೋಗಲಿಲ್ಲ, ಬೇರೆ ದಾರಿ ಹಿಡಿದ್ರು. ನೀನ್ಯಾಕೆ ಸುತ್ತಿಕೊಂಡು ಹೋಗ್ತೀಯ?” ಎಂದು ಹಾರೆ ತಂದು ಗಂಡನ ಕೈಗಿತ್ತಳು. ಈಚೆಯಿಂದ ಅಣ್ಣ, ಆಚೆಯಿಂದ ತಮ್ಮ ಒಡೆಯಲು, ಗೋಡೆಯಲ್ಲಿ ದಾರಿಯಾಗಿ, ಜ್ಞಾನಮ್ಮ ಅದರಲ್ಲೇ ನಡೆದು ಮನೆ ಸೇರಿದಳು. ಮುಂದೆ ಆ ದಾರಿಯಲ್ಲೇ ಸೊಪ್ಪು ಬಂದು, ಬಿದಿರಿನ ಚಂದ್ರಿಕೆ ತಟ್ಟೆಗಳ ತುಂಬ ಹುಳು ಹೊಂಬಣ್ಣದ ಗೂಡು ಕಟ್ಟಿ, ಎರಡೂ ಮನೆ ಉಂಡು ತಣಿದವು.

ಆದುದರಿಂದ ಈ ಹಬ್ಬದಂದು ಮುನಿದವರ ಮನೆಗೆ, ಅಲ್ಲಿ ಇಲ್ಲದ್ದನ್ನೇ ಹೊತ್ತು, ರಾಯರೊಡನೆ ಹೋಗಬೇಕು. ಇದನ್ನು ಕೇಳಿದವರಿಗೂ ಹೇಳಿದವರಿಗೂ ಪ್ರಭು ಆ ಎರಡು ಮನೆಗೆ ಕೊಟ್ಟ ಫಲವನ್ನೇ ಕೊಡಲಿ, ಅವನಿಗೆ ಸ್ತೋತ್ರ.

ಆ ಗೋಡೆ ಒಡೆದದ್ದು ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿ, ಜನವರಿ ಆರನೇ ತಾರೀಖು, ಮಂಗಳವಾರ.