ನಡುಹೊಳೆಯಲ್ಲಿ ಬಿಟ್ಟ ಹರಗೋಲು

ನಾನು ಮೊದಲ ಸಲ ಮನೆ ಬಿಟ್ಟು ಹೊರಟದ್ದು ಒಂದು ಸೋಮವಾರ. ಅವತ್ತು ಏಳನೇ ಇಯತ್ತೆಯ ಪರೀಕ್ಷೆ. ಶಾಲೆಯ ಗೇಟಿನ ತನಕ ಹೋದೆ, ಅಲ್ಲಿಂದ ಹಾಗೇ ಮುಂದೆ ನಡೆದೆ.

ಆಮೇಲೆ ಯಾವ ಊರಲ್ಲೂ ಎರಡು ಮಳೆಗಾಲ ಕಳೆಯಲಿಲ್ಲ. ಅಂಗಡಿಗಳ ಬೋರ್ಡು ಬರೆಯುತ್ತ ಚಿತ್ರ ಕಲಿತೆ. ಲಾರಿಯಲ್ಲಿ ಕೂತು, ಡ್ರೈವರಿಗೆ ನಿದ್ದೆ ಬರದಂತೆ ಮಾತಾಡುತ್ತ ಕತೆ ಕಲಿತೆ.

ಹೊಳೆದಂಡೆಯ ಈ ಸಣ್ಣ ಮಠಕ್ಕೆ ಬಂದದ್ದು ಗೋಡೆಗೆ ಚಿತ್ರ ಬರೆಯಲು. ಮಠದ ಸ್ವಾಮಿಗಳಾದ ಅಜ್ಜ ನನ್ನನ್ನು ಯಾವತ್ತೂ ಶಿಷ್ಯ ಅನ್ನಲಿಲ್ಲ. ನಾನೇ ಹಾಗೆ ಅಂದುಕೊಂಡೆ.

ಗೋಡೆಯೊಂದೇ ಆಗಿದ್ದರೆ ಸರಿಯಿತ್ತು. ದಿನಕ್ಕೊಂದು ಬೆಕ್ಕಿನ ಚಿತ್ರ, ನಡುನಡುವೆ ಪದ್ಯ, ಮಂಗಳವಾರಕ್ಕೊಂದು ಕತೆಯ ಕಂತು. ಎಲ್ಲವನ್ನೂ ಫೋನಿನಲ್ಲಿ ಹಾಕಬೇಕು. ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಬಣ್ಣ ಒಣಗುವ ಮೊದಲೇ ಏಣಿ ಹತ್ತುತ್ತಿದ್ದೆ.

ಲೈಕು ನಿನ್ನೆಗಿಂತ ಕಡಿಮೆ ಬಿದ್ದರೆ ಊಟ ಸೇರುತ್ತಿರಲಿಲ್ಲ. ಹೆಚ್ಚು ಬಿದ್ದರೆ ನಾಳೆಯ ಹೆದರಿಕೆ.

"ಅಜ್ಜಾರ, ಒಂದು ದಿನ ಏನೂ ಹಾಕಲಿಲ್ಲ ಅಂದ್ರ ಮಂದಿ ನನ್ನ ಮರೀತಾರ," ಅಂದೆ ಒಮ್ಮೆ.

"ಮೊನ್ನೆ ಏನು ಹಾಕಿದ್ದಿ?"

ನೆನಪಾಗಲಿಲ್ಲ. ನೋಡಿ ಹೇಳೋಣವೆಂದು ಫೋನ್ ತೆಗೆದೆ.

"ಎಲ್ಲಾರಿಗಿಂತ ಮೊದಲ ನೀನೇ ಮರತೀಯಲ್ಲಪಾ," ಅಂದು ಅಜ್ಜ ಗಿಡಕ್ಕೆ ನೀರು ಹಾಕಲು ಹೋದರು.

ನಾಲ್ಕು ದಿನದ ಮೇಲೆ ರಾಣೆಬೆನ್ನೂರಿನಿಂದ ದಾಕ್ಷಾಯಣಿ ಎಂಬ ಹೆಂಗಸು ಬಂದಳು. ಬಟ್ಟೆ ಹೊಲಿಯುವವಳು. ನಾನು ಹಾಕಿದ್ದ ಗೋಡೆಯ ಫೋಟೊದಲ್ಲಿ ಮಠದ ಗುರುತು ಹಿಡಿದು, ಎರಡು ಬಸ್ಸು ಬದಲಿಸಿ ಬಂದಿದ್ದಳು.

ನನ್ನ ಕತೆಯಲ್ಲಿ ಗೌರವ್ವ ಎಂಬವಳು ನೆರೆಮನೆಯ ಕೂಸನ್ನು ಹರಗೋಲಿನಲ್ಲಿ ಹಾಕಿಕೊಂಡು, ತುಂಬಿದ ಹೊಳೆ ದಾಟಲು ಹೊರಡುತ್ತಾಳೆ. ನಡುಹೊಳೆಯಲ್ಲಿ ಹರಗೋಲು ಸುಳಿಗೆ ಸಿಕ್ಕಿತು. ಅಷ್ಟರಲ್ಲಿ ಬೆಕ್ಕಿಗೆ ನಾಲ್ಕು ಪಟ್ಟು ಲೈಕು ಬರತೊಡಗಿದವು. ಗೌರವ್ವನನ್ನು ಅಲ್ಲೇ ಬಿಟ್ಟೆ. ಎರಡು ತಿಂಗಳಾಗಿತ್ತು.

"ನಿಮ್ಮ ಬೆಕ್ಕು ಚೊಲೋ ಅದಾವ್ರಿ," ಅಂದಳು ದಾಕ್ಷಾಯಣಿ. "ಆದ್ರ ನಮ್ಮವ್ವಗ ಕಣ್ಣಿಲ್ಲ."

ಅವ್ವನಿಗೆ ಪ್ರತಿ ಮಂಗಳವಾರ ಅವಳೇ ಓದಿ ಹೇಳುತ್ತಿದ್ದಳಂತೆ. ಈಗ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಅಂದಿದ್ದಾರೆ. ಅನ್ನ ಬಿಟ್ಟಿದ್ದಾಳೆ, ಮಾತು ಕಡಿಮೆಯಾಗಿದೆ. ಬೆಳಿಗ್ಗೆ ಎದ್ದರೆ ಅದೊಂದೇ ಕೇಳುತ್ತಾಳೆ, ಗೌರವ್ವ ದಂಡೆ ಮುಟ್ಟಿದಳೋ ಇಲ್ಲವೋ ಎಂದು. ಮಗಳು ತಾನೇ ಒಂದು ಕೊನೆ ಕಟ್ಟಿ ಹೇಳಿ ನೋಡಿದಳು. "ಇದು ನೀ ಹೇಳಿದ್ದು. ಅಂವ ಹೇಳಿದ್ದು ಓದು," ಅಂದಳಂತೆ ಮುದುಕಿ.

ಮಂಗಳವಾರ ಖಂಡಿತ ಹಾಕುತ್ತೇನೆ ಅಂದೆ.

"ಮಂಗಳವಾರಕ್ಕ ಇನ್ನೂ ಐದು ದಿನ ಅದಾವ್ರಿ," ಅಂದಳು. ಮುಖ ಹೊಳೆಯ ಕಡೆ ತಿರುಗಿಸಿದಳು. ಹನ್ನೆರಡರ ಬಸ್ಸಿಗೆ ಹೊರಡುತ್ತೇನೆಂದು ಹೇಳಿ ಮೆಟ್ಟಿಲ ಮೇಲೆ ಹೋಗಿ ಕೂತಳು.

ನಾನು ಅಜ್ಜನ ಹತ್ತಿರ ಓಡಿದೆ. ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡೆ. ಆ ಕತೆಯ ಕೊನೆ ನನಗೇ ಗೊತ್ತಿಲ್ಲ. ಗೌರವ್ವ ಮುಳುಗಬೇಕೋ ಬದುಕಬೇಕೋ ಎಂದು ಫೋನಿನಲ್ಲಿ ಓದುಗರನ್ನೇ ಕೇಳಿದ್ದೆ. ಅರ್ಧ ಮಂದಿ ಹಾಗೆ, ಅರ್ಧ ಮಂದಿ ಹೀಗೆ ಅಂದರು. ಜೊತೆಗೆ ಇವತ್ತಿನ ಬೆಕ್ಕು ಆಗಿಲ್ಲ, ಪದ್ಯ ಅರ್ಧಕ್ಕಿದೆ, ಗೋಡೆಯೂ ಅರ್ಧಕ್ಕಿದೆ.

ಅಜ್ಜ ಎಲ್ಲ ಕೇಳಿಸಿಕೊಂಡರು.

"ಶ್ರಾವಣದಾಗ ಇಲ್ಲಿ ಪುರಾಣ ಹಚ್ತೀವಿ. ಹೋದ ವರ್ಷ ಮಳಿ ಹಿಡದು, ಕೇಳಾವ್ರು ಕಡೀಗೆ ಒಬ್ಬಾಕಿ ಉಳಿದ್ಲು."

"ನಿಲ್ಲಿಸಿಬಿಟ್ರೇನು?"

"ಮಂಗಲ ಮಾಡೇ ಎದ್ವಿ."

ಅಷ್ಟು ಹೇಳಿ, ನನ್ನ ಬಣ್ಣದ ಡಬ್ಬಿಗಳ ಮುಚ್ಚಳಗಳನ್ನು ಒಂದೊಂದಾಗಿ ಒತ್ತಿ ಹಾಕಿದರು. ಕುಂಚಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿಟ್ಟರು. ಗೋಡೆ ಹಾಗೇ ಅರ್ಧ ಬಿಳಿ ನಿಂತಿತ್ತು.

ನಾನು ಚೀಲ ತೆಗೆದೆ. ಎರಡು ಅಂಗಿ, ಒಂದು ಲುಂಗಿ, ಚಾರ್ಜರು ತುಂಬಿದೆ. ಎಷ್ಟೋ ಊರು ಬಿಟ್ಟವನು ನಾನು. ಒಂದು ಕತೆಯ ಕೊನೆ ಹೇಳಲೆಂದು ಹೊರಟದ್ದು ಇದೇ ಮೊದಲು.

ಹೊರಗೆ ದಾಕ್ಷಾಯಣಿ ಎದ್ದು ಸೀರೆ ಕೊಡವಿಕೊಳ್ಳುತ್ತಿದ್ದಳು. ನಾನೂ ಬರುತ್ತೇನೆಂದು ಕೂಗಿ ಹೇಳಿದೆ. ಅವಳು ಆಗಲೆಂದು ತಲೆಯಾಡಿಸಿ ನಿಂತಳು.

"ಅಜ್ಜಾರ," ಅಂದೆ, "ಆ ಮುದುಕಿಗೆ ಕಣ್ಣಿಲ್ಲ. ಮಾತೂ ಇಲ್ಲದಂಗ ಆಗೇದ. ನಾ ಹೇಳಿದ್ದು ಆಕಿಗೆ ಮುಟ್ಟಿತೋ ಇಲ್ಲೋ ನನಗ ಹೆಂಗ ಗೊತ್ತಾಗ್ಬೇಕು?"

ಅಜ್ಜ ಚೀಲದ ಬಾಯಿ ಕಟ್ಟಿ ನನ್ನ ಹೆಗಲಿಗೆ ಹಾಕಿದರು.

"ಕೈ ಹಿಡಕೊಂಡು ಹೇಳು."