ನಿಂಬವ್ವನ ಮೂಗುತಿಯೂ ಹಾಲಮ್ಮನ ಮೆಣಸಿನಕಾಯಿಯೂ

ದಾವಣಗೆರೆಯಲ್ಲಿ ಉಜ್ಜಿನಪ್ಪ ಎಂಬ ಕಾದಂಬರಿಕಾರರಿದ್ದರು. 'ಮೃಗಾಂಕ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಒಂದು ಕಾಲದಲ್ಲಿ ಬಸ್ಸಿನಲ್ಲಿ ಅವರ ಪುಸ್ತಕ ಹಿಡಿದು ಕೂತವರು ತಮ್ಮ ಸ್ಟಾಪು ಮರೆತು ಮುಂದಿನ ಊರಿನಲ್ಲಿ ಇಳಿಯುತ್ತಿದ್ದರು.

ಅವರ ಹನ್ನೆರಡನೆಯ ಕಾದಂಬರಿ 'ನಿಂಬವ್ವನ ಮೂಗುತಿ'. ಮದುವೆ ಮನೆಯಲ್ಲಿ ನಿಂಬವ್ವ ಎಂಬ ಮುದುಕಿಯ ಮೂಗುತಿ ಕಳುವಾಗುತ್ತದೆ. ಕದ್ದವರು ಯಾರು ಎನ್ನುವುದೇ ಕಥೆ. ಬರೆದದ್ದರಲ್ಲೆಲ್ಲ ಇದೇ ಚೆನ್ನಾಗಿದೆ ಎಂದು ಉಜ್ಜಿನಪ್ಪನವರಿಗೆ ಖಾತ್ರಿಯಿತ್ತು. ಪುಸ್ತಕ ಬಂದ ಮೇಲೆ ಓದುಗರ ಪತ್ರಕ್ಕಾಗಿ ನಲವತ್ತು ದಿನ ಗೇಟಿನ ಬಳಿ ಕಾದರು. ಒಂದು ಕಾರ್ಡೂ ಬರಲಿಲ್ಲ. ನಲವತ್ತೊಂದನೆಯ ದಿನ ಗೇಟಿಗೆ ಒಂದು ಬೋರ್ಡು ನೇತುಹಾಕಿದರು: 'ಇಲ್ಲಿ ಯಾವ ಲೇಖಕನೂ ಇಲ್ಲ.'

ಬೋರ್ಡು ನೋಡಿ ಜನ ಓಡಿಬಂದು ಬೇಡಿಕೊಳ್ಳುತ್ತಾರೆ ಅಂದುಕೊಂಡಿದ್ದರು. ಗ್ಯಾಸ್ ತಂದವನೊಬ್ಬ ಮಾತ್ರ ಓದಿ, "ಹಂಗಾದ್ರೆ ಸಿಲಿಂಡರ್ ಯಾರ ಹೆಸರಿಗೆ ರೀ?" ಎಂದು ಕೇಳಿದ.

ಉಜ್ಜಿನಪ್ಪ ಪೆನ್ನು ಎತ್ತಿಟ್ಟರು. ಇಪ್ಪತ್ತೆರಡು ವರ್ಷ ಯಾವ ಸಭೆಗೂ ಹೋಗಲಿಲ್ಲ, ಯಾವ ಮದುವೆಗೂ ಹೋಗಲಿಲ್ಲ. ಕಟಿಂಗ್ ಮಾಡುವವನನ್ನೂ ಮನೆಗೇ ಕರೆಸುತ್ತಿದ್ದರು. ಹೆಂಡತಿ ಸಿದ್ಧಗಂಗಮ್ಮನವರಿಗೆ ಕಂಡವರಿಗೆಲ್ಲ ಹೇಳಿ ಹೇಳಿ ಸಾಕಾಯಿತು.

"ಆರಾಮಾಗೇ ಅದಾರೆ. ಸಿಟ್ಟು ಮಾಡ್ಕೊಂಡಾರೆ, ಅಷ್ಟೇ."

"ಯಾರ ಮೇಲೆ?"

"ನಿಮ್ಮೆಲ್ಲರ ಮೇಲೆ."

ಮಾರಾಟವಾಗದ ಮುನ್ನೂರು ಪ್ರತಿಗಳನ್ನು ಪ್ರಕಾಶಕರು ವಾಪಸ್ ಕಳಿಸಿದ್ದರು. ಅವು ಅಟ್ಟದ ಮೇಲೆ ಬಿದ್ದಿದ್ದವು. ಒಂದು ದಿನ ಸಂಡಿಗೆ ಡಬ್ಬಿ ತೆಗೆಯಲು ಹತ್ತಿದ ಸಿದ್ಧಗಂಗಮ್ಮ ಪುಸ್ತಕದ ಗಂಟುಗಳ ನಡುವೆ ಇಲಿ ಮರಿ ಹಾಕಿದ್ದನ್ನು ಕಂಡರು. ಗಂಡನಿಗೆ ಹೇಳದೆ ಎಲ್ಲವನ್ನೂ ಹಳೇ ಪೇಪರಿನವನಿಗೆ ಕೊಟ್ಟುಬಿಟ್ಟರು. ಅವನು ಅವನ್ನು ಒಯ್ದು ರೈಲ್ವೆ ಗೇಟಿನ ಹತ್ತಿರ ಮಂಡಕ್ಕಿ-ಮೆಣಸಿನಕಾಯಿ ಬಜ್ಜಿ ಕರಿದು ಮಾರುವ ಹಾಲಮ್ಮನಿಗೆ ಕೊಟ್ಟ.

ಹಾಲಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಒಂದು ಪ್ರತಿಯನ್ನು ತನಗೆಂದು ಹಿಟ್ಟಿನ ಡಬ್ಬದ ಹಿಂದೆ ಇಟ್ಟುಕೊಂಡಳು. ಉಳಿದವನ್ನು ಹಾಳೆ ಹಾಳೆಯಾಗಿ ಹರಿದು ಮೆಣಸಿನಕಾಯಿ ಕಟ್ಟಿಕೊಡತೊಡಗಿದಳು.

ಕಥೆಗೆ ಮೊದಲು ಸಿಕ್ಕಿಬಿದ್ದವನು ಬಸ್ ಕಂಡಕ್ಟರ್ ಮೈಲಾರಪ್ಪ. ತಿಂದು, ಕೈ ಒರೆಸಿಕೊಂಡು, ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ.

"ಹಾಲಮ್ಮಾ, ಈ ಹಾಳೆಯ ಮುಂದಿಂದು ಐತಾ?"

"ಮೆಣಸಿನಕಾಯಿ ತಗೊಂಡ್ರೆ ಐತಿ."

ಹೊಟ್ಟೆ ಬಿರಿಯುವಂತಿದ್ದರೂ ಮೈಲಾರಪ್ಪ ಇನ್ನೆರಡು ತೆಗೆದುಕೊಂಡ. ಒಂದು ವಾರದಲ್ಲಿ ಜನ ಪುಟದ ಲೆಕ್ಕದಲ್ಲೇ ಕೇಳತೊಡಗಿದರು. "ನಂಗೆ ಎರಡು, ಪುಟ ತೊಂಬತ್ತೊಂದು." ಸೋಮವಾರದ ಉಪವಾಸದವರೂ ಬಂದರು. ಮೆಣಸಿನಕಾಯಿಯನ್ನು ಪಕ್ಕದವರಿಗೆ ಕೊಟ್ಟು ಕಾಗದ ಒಯ್ದರು. ಕದ್ದವಳು ಅತ್ತಿಗೆಯೋ ಸೊಸೆಯೋ ಎಂದು ಇಬ್ಬರು ಬೀಗರು ಅಂಗಡಿ ಮುಂದೆಯೇ ಜಗಳವಾಡಿ ಮಾತು ಬಿಟ್ಟರು. "ನೀನಾದ್ರೂ ಹೇಳಮ್ಮಾ" ಎಂದು ಜನ ದುಂಬಾಲು ಬಿದ್ದರೆ ಹಾಲಮ್ಮ, "ಓದ್ರಿ, ಗೊತ್ತಾಗುತ್ತೆ" ಅನ್ನುತ್ತಿದ್ದಳು.

ಯಾರೋ ಎಣ್ಣೆ ಹತ್ತಿದ ಹಾಳೆಯ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. 'ಈ ಮೃಗಾಂಕ ಯಾರು? ಬದುಕಿದ್ದಾರಾ?' ಅದು ಊರಿಂದ ಊರಿಗೆ ಹೋಯಿತು. ಪತ್ರಿಕೆಯಲ್ಲೂ ಬಂತು. ಆಮೇಲೆ ಒಂದು ಸಾಹಿತ್ಯ ಬಳಗದವರಿಗೆ ಎಚ್ಚರವಾಯಿತು. ಅಧ್ಯಕ್ಷ ಪಂಚಾಕ್ಷರಪ್ಪನವರು ಇಬ್ಬರನ್ನು ಕರೆದುಕೊಂಡು ಉಜ್ಜಿನಪ್ಪನವರ ಗೇಟಿಗೆ ಬಂದರು.

"ಸಾರ್, ತಮಗೆ ಸನ್ಮಾನ ಮಾಡಬೇಕು ಅಂತ ಬಂದೆವು."

ಕಿಟಕಿಯ ಒಳಗಿನಿಂದ ಉತ್ತರ ಬಂತು: "ಬೋರ್ಡು ಓದಲಿಲ್ಲವೇ? ಇಲ್ಲಿ ಯಾವ ಲೇಖಕನೂ ಇಲ್ಲ."

"ಓಹೋ, ಕ್ಷಮಿಸಿ," ಎಂದು ಮೂವರೂ ಹಿಂದಿರುಗಿದರು.

"ನಿಲ್ಲಿ, ನಿಲ್ಲಿ!" ಕಿಟಕಿ ಪೂರ್ತಿ ತೆರೆಯಿತು. "ಒಳಗೆ ಇದ್ದರೂ ಇರಬಹುದು. ನೋಡಿ ಹೇಳ್ತೀನಿ."

ಭಾನುವಾರ ಸಮಾರಂಭ ಎಂದು ನಿಶ್ಚಯವಾಯಿತು. ಅವರು ಹೊರಡುವಾಗ ಉಜ್ಜಿನಪ್ಪ ಮೆಲ್ಲಗೆ ಕೇಳಿದರು, "ಅಂದಹಾಗೆ ಜನಕ್ಕೆ ನನ್ನ ಪುಸ್ತಕ ಎಲ್ಲಿ ಸಿಗುತ್ತಿದೆ?"

ಪಂಚಾಕ್ಷರಪ್ಪ ಕೆಮ್ಮಿದರು. "ಹಾಲಮ್ಮನ ಅಂಗಡಿಯಲ್ಲಿ, ರೈಲ್ವೆ ಗೇಟಿನ ಹತ್ತಿರ."

ಹಾಲಮ್ಮನದು ಪುಸ್ತಕದ ಅಂಗಡಿ ಇರಬೇಕು ಎಂದು ಉಜ್ಜಿನಪ್ಪ ತಿಳಿದರು. ಮರುದಿನ ಸಂಜೆ ರೇಷ್ಮೆ ಜುಬ್ಬಾ ತೊಟ್ಟು, ಜೇಬಿನಲ್ಲಿ ಸಹಿ ಹಾಕಲು ಪೆನ್ನು ಇಟ್ಟುಕೊಂಡು ಹೊರಟರು. ಅಲ್ಲಿ ಹೋಗಿ ನೋಡಿದರೆ ಅವರ ಏಳನೆಯ ಅಧ್ಯಾಯದಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

ಉಜ್ಜಿನಪ್ಪ ಸರದಿಯವರನ್ನು ಸರಿಸಿಕೊಂಡು ಮುಂದೆ ನುಗ್ಗಿದರು. "ಏನಮ್ಮಾ ಇದು?"

ಹಾಲಮ್ಮ ತಲೆ ಎತ್ತದೆ ಕೇಳಿದಳು, "ನಿಮಗೆ ಯಾವ ಪುಟ ರೀ?"

"ಎಲ್ಲಾ ಪುಟಾನೂ ನನ್ನವೇ! ಬರೆದವನು ನಾನು!"

ಹಾಲಮ್ಮ ಜಾಲರಿ ಸೌಟು ಕೆಳಗಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ನಮಸ್ಕಾರ ಮಾಡಿದಳು. ಅವಳ ಮುಖ ಅರಳಿತ್ತು. ಸರದಿಯವರಿಗೆ ಕೇಳಿಸದಂತೆ ದನಿ ತಗ್ಗಿಸಿದಳು. "ಎಷ್ಟು ದಿನದಿಂದ ಕೇಳ್ಬೇಕು ಅಂತಿದ್ದೆ ರೀ. ಮೂಗುತಿ ಕದ್ದೋಳು ಸೊಸೆ ಅಂತ ನಿಂಬವ್ವಗೆ ಗೊತ್ತಾಗುತ್ತೆ. ಆದ್ರೂ ಯಾಕ್ ಬಾಯಿ ಬಿಡಲ್ಲ?"

ಸಿಟ್ಟಿನಲ್ಲಿದ್ದ ಉಜ್ಜಿನಪ್ಪ ಪ್ರಶ್ನೆಗೆ ಗಮನವನ್ನೇ ಕೊಡಲಿಲ್ಲ. "ನನ್ನ ಪುಸ್ತಕದಲ್ಲಿ ಮೆಣಸಿನಕಾಯಿ ಕಟ್ತೀಯಾ? ಇರೋದನ್ನೆಲ್ಲ ಈಗಲೇ ಕೊಡು!"

ಹಾಲಮ್ಮ ಎದುರಾಡಲಿಲ್ಲ. ಉಳಿದ ಪುಸ್ತಕಗಳನ್ನೆಲ್ಲ ಚೀಲಕ್ಕೆ ತುಂಬಿದಳು. "ನಿಮ್ಮವು, ಒಯ್ರಿ. ಇದೊಂದು ಮಾತ್ರ ನಂಗಿರ್ಲಿ. ಮೂರು ಸಲ ಓದೀನಿ" ಎಂದು ಡಬ್ಬದ ಹಿಂದಿನ ಪ್ರತಿಯನ್ನು ತೋರಿಸಿದಳು. ಉಜ್ಜಿನಪ್ಪ ಅದನ್ನೂ ಕಿತ್ತುಕೊಂಡು ಆಟೋ ಹತ್ತಿದರು. ಸರದಿಯಲ್ಲಿ ನಿಂತವರು "ಇನ್ನು ಐದೇ ಪುಟ ಉಳಿದಿತ್ತಲ್ಲ ಸಾರ್!" ಎಂದು ಆಟೋ ಹಿಂದೆ ಸ್ವಲ್ಪ ದೂರ ಓಡಿದರು.

ಭಾನುವಾರ ಬಂತು. ವೇದಿಕೆ, ಹಾರ, ಶಾಲು, ಹಣ್ಣಿನ ಬುಟ್ಟಿ, ಏನೂ ಕಡಿಮೆಯಿರಲಿಲ್ಲ. ಮೊದಲ ಭಾಷಣಕಾರರು, "ನಿಂಬವ್ವ ನಮ್ಮ ಗ್ರಾಮದೇವತೆ. ಆಕೆಯ ಮಹಿಮೆಯನ್ನು ಮೃಗಾಂಕರು ಭಕ್ತಿಯಿಂದ ಬಣ್ಣಿಸಿದ್ದಾರೆ" ಎಂದರು. ಎರಡನೆಯವರು, "ನಿಂಬೆ ಬೆಳೆಗಾರರ ಬವಣೆಯನ್ನು ಕನ್ನಡದಲ್ಲಿ ಮೊದಲು ಬರೆದವರು ಇವರೇ" ಎಂದರು. ಜನ ಚಪ್ಪಾಳೆ ತಟ್ಟಿ, ಊಟದ ಹಾಲ್ ಬಾಗಿಲು ತೆರೆಯಿತೇ ಎಂದು ಕತ್ತು ತಿರುಗಿಸಿ ನೋಡಿದರು.

ಉಜ್ಜಿನಪ್ಪ ಅಧ್ಯಕ್ಷರ ಕಿವಿಯಲ್ಲಿ ಕೇಳಿದರು, "ಮೂಗುತಿ ಕದ್ದವರು ಯಾರು, ಹೇಳಿ ನೋಡೋಣ."

ಪಂಚಾಕ್ಷರಪ್ಪ ಕನ್ನಡಕ ಸರಿಮಾಡಿಕೊಂಡರು. ಆಮೇಲೆ ಗಂಭೀರವಾಗಿ, "ಮೂಗುತಿ ಒಂದು ಪ್ರತಿಮೆ ಅಲ್ಲವೇ ಸಾರ್. ಪ್ರತಿಮೆಯನ್ನು ಯಾರು ಕದಿಯಲು ಸಾಧ್ಯ?" ಎಂದರು.

ಇಪ್ಪತ್ತೆರಡು ವರ್ಷ ಕಾದಿದ್ದು ಇದಕ್ಕೋ ಎಂದು ಉಜ್ಜಿನಪ್ಪನವರಿಗೆ ಅನ್ನಿಸಿತು. ಕೊರಳಿನ ಹಾರ ಚುಚ್ಚತೊಡಗಿತು. ಅದನ್ನು ತೆಗೆದು ಕುರ್ಚಿಯ ಮೇಲಿಟ್ಟರು. "ಒಬ್ಬರು ನನ್ನನ್ನು ಏನೋ ಕೇಳಿದ್ದರು, ಹೇಳಿ ಬರ್ತೀನಿ" ಎಂದು ವೇದಿಕೆ ಇಳಿದು ಹೋಗಿಯೇ ಬಿಟ್ಟರು. ಬಂದ ಜನರಿಗೆ ಇದರಿಂದ ಬೇಸರವಾಗಲಿಲ್ಲ, ಊಟ ಅರ್ಧ ಗಂಟೆ ಮುಂಚೆ ಸಿಕ್ಕಿತು.

ಮನೆಗೆ ಹೋಗಿ ಹಾಲಮ್ಮನ ಪ್ರತಿಯನ್ನು ಹುಡುಕಿ ತೆಗೆದರು. ಅದರ ಮೂಲೆಮೂಲೆಯಲ್ಲಿ ಕಡಲೆಹಿಟ್ಟಿನ ಬೆರಳಚ್ಚುಗಳಿದ್ದವು. ಅದನ್ನು ಹಿಡಿದು ರೈಲ್ವೆ ಗೇಟಿಗೆ ನಡೆದರು.

"ತಪ್ಪಾಯಿತಮ್ಮ. ತಗೋ, ಇದು ನಿನ್ನದು. ಅವತ್ತು ಕೇಳಿದೆಯಲ್ಲ, ಅದಕ್ಕೆ ಉತ್ತರ ಹೇಳೋಕೆ ಬಂದೆ. ಸೊಸೆಯ ಮಾನ ಉಳಿಸೋಕೆ ನಿಂಬವ್ವ ಸುಮ್ಮನಾದಳು."

ಹಾಲಮ್ಮ ತಲೆ ಅಲ್ಲಾಡಿಸಿದಳು. "ಅದಲ್ಲ ಬಿಡ್ರಿ."

"ಅಲ್ಲವೇ? ಬರೆದವನು ನಾನಮ್ಮ!"

"ಬರೆದಿರಬಹುದು. ಓದಿದೋಳು ನಾನು. ಮೂಗುತಿ ಹೋಗೋ ತನಕ ಆ ಮುದುಕಿನ ಯಾರಾದ್ರೂ ಮಾತಾಡಿಸಿದ್ರಾ ಹೇಳ್ರಿ? ಹೋದ ಮೇಲೆ ಮನೆ ಮಂದಿಯೆಲ್ಲ ಸುತ್ತ ಕೂತು 'ಉಂಡ್ಯಾ ಅಜ್ಜಿ, ಮಲಗ್ತೀಯಾ ಅಜ್ಜಿ' ಅಂತಾರೆ. ಮೂಗುತಿ ಸಿಕ್ಕರೆ ಎಲ್ಲಾರೂ ಎದ್ದು ಹೋಗ್ತಾರಲ್ಲ. ಅದಕ್ಕೇ ಅವಳು ಬಾಯಿ ಬಿಡಲಿಲ್ಲ."

ಉಜ್ಜಿನಪ್ಪ ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. ಕಣ್ಣು ಒರೆಸಿಕೊಂಡರು. ಯಾರೂ ಕೇಳದಿದ್ದರೂ, ಹೊಗೆಯಿಂದ ಎಂದು ಹೇಳಿದರು.

"ಇದು ನನಗೆ ಹೊಳೆದೇ ಇರಲಿಲ್ಲ ಹಾಲಮ್ಮ."

"ನೀವೇ ಬರೆದೀರಲ್ಲ ರೀ. ಪುಟ ನೂರಾ ಹನ್ನೆರಡು ನೋಡ್ರಿ" ಎಂದು ಹಾಲಮ್ಮ ಪುಸ್ತಕ ತೆರೆದು ಮುಂದೆ ಹಿಡಿದಳು.

ಮರುದಿನ ಆಟೋದಲ್ಲಿ ಚೀಲ ವಾಪಸ್ ಬಂತು. ಓದು ಅರ್ಧಕ್ಕೆ ನಿಂತವರು ಪುಸ್ತಕ ಮುಗಿಸಿದರು. ಬೀಗರಿಬ್ಬರೂ ಮತ್ತೆ ಮಾತಾಡಿದರು. ಉಜ್ಜಿನಪ್ಪ ಹದಿಮೂರನೆಯ ಕಾದಂಬರಿ ಶುರುಮಾಡಿದರು. ಒಂದೊಂದು ಅಧ್ಯಾಯ ಮುಗಿದಂತೆ ಸ್ಟೂಲಿನ ಮೇಲೆ ಕೂತು ಹಾಲಮ್ಮನಿಗೆ ಓದಿ ಹೇಳುತ್ತಿದ್ದರು. ಅವಳು ಏನೂ ಕೇಳದೆ ಬರೀ "ಹೂಂ" ಅಂದ ಅಧ್ಯಾಯಗಳನ್ನು ಮನೆಗೆ ಹೋಗಿ ತಿದ್ದುತ್ತಿದ್ದರು. ಐದನೆಯ ಅಧ್ಯಾಯ ಕೇಳುತ್ತಾ ಹಾಲಮ್ಮ ಒಂದು ಬಾಣಲೆ ಮೆಣಸಿನಕಾಯಿಯನ್ನು ಪೂರ್ತಿ ಸೀಯಿಸಿಬಿಟ್ಟಳು. ಆ ಅಧ್ಯಾಯದಲ್ಲಿ ಅವರು ಒಂದಕ್ಷರವನ್ನೂ ಬದಲಿಸಲಿಲ್ಲ.

ನೀತಿ: ನಮ್ಮನ್ನು ಹೊಗಳಿದವರೆಲ್ಲ ನಮ್ಮ ಕೆಲಸವನ್ನು ಕಂಡವರಲ್ಲ. ಅದನ್ನು ನಿಜವಾಗಿ ಕಂಡವರು ಹಾರ ತರದೆ ಒಂದು ಪ್ರಶ್ನೆ ತರಬಹುದು. ಅವರು ಯಾರು, ಎಲ್ಲಿ ನಿಂತಿದ್ದಾರೆ ಎಂದು ಅಳೆಯದೆ ಮೊದಲು ಅವರಿಗೆ ಉತ್ತರ ಕೊಡಬೇಕು.